ಉದಯಶಂಕರನ ಫೋನಿನೊಳಗಿನ ಗಡಿಯಾರ

ಕುದೂರು ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಉದಯಶಂಕರನನ್ನು ಕಂಡರೆ ನನಗೆ ಆಗುವುದಿಲ್ಲ. ಅವನ ಬಗ್ಗೆ ಇರುವ ಒಂದೇ ಒಳ್ಳೆಯ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ: ಅವನ ಅಪ್ಪ ಗವಿಸಿದ್ದಯ್ಯನವರು ದೊಡ್ಡ ಮನುಷ್ಯರು.

ಅಯ್ಯನವರು ಪಂಚಾಂಗ ನೋಡಿ ಕೈಯಲ್ಲೇ ಜಾತಕ ಬರೆಯುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದ ಮೇಲೆ ಮಗ ಕಂಪ್ಯೂಟರಿನಲ್ಲಿ ಜಾತಕದ ಪ್ರೋಗ್ರಾಂ ಹಾಕಿಕೊಂಡು ಆ ಕೆಲಸಕ್ಕೆ ಇಳಿದ. ಹೋದ ವರ್ಷ ಕಂಪ್ಯೂಟರ್ ಕೈಕೊಟ್ಟಿತು. ಇವನು ಹೊತ್ತು ಕಳೆಯಲು ಫೋನಿನಲ್ಲಿ ಎಮ್ಯುಲೇಟರ್ ಎಂಬ ಆ್ಯಪ್ ಹಾಕಿಕೊಂಡು ಹಳೆಯ ಕಾರ್ ರೇಸ್ ಆಡುತ್ತಿದ್ದವನು. ಜಾತಕದ ಪ್ರೋಗ್ರಾಮನ್ನೂ ಅದರೊಳಗೇ ತುರುಕಿದ.

"ಫೋನಿನ ಪ್ರೊಸೆಸರ್ ಜಾತಿನೇ ಬ್ಯಾರೆ ಕಣಮ್ಮ. ಹಳೇ ಪ್ರೋಗ್ರಾಂ ಯೋಳೋದು ಇದಕ್ಕೆ ತಿಳಿಯಾಕಿಲ್ಲ. ಈ ಆ್ಯಪು ಮಧ್ಯೆ ಕುಂತ್ಕಂಡು, ನಾನೇ ಹಳೇ ಕಂಪ್ಯೂಟರ್ ಅಂತ ನಾಟ್ಕ ಆಡ್ತೈತೆ. ರೇಸೇ ಓಡ್ತೈತೆ, ಜಾತ್ಕ ಓಡಾಕಿಲ್ವಾ?"

ಹೀಗೆ ಜಂಬ ಕೊಚ್ಚಿದ್ದು, ನನ್ನ ತಂಗಿ ಅಮೂಲ್ಯಳ ಜಾತಕ ಬರೆಸಲು ನಾನು ಹೋಗಿದ್ದ ದಿನ. ಸೋಲೂರಿನ ಯೋಗಾನಂದ ಅವರ ಮಗ ಅಶೋಕ್ ಅವಳನ್ನು ಒಪ್ಪಿದ್ದ, ಅವಳಿಗೂ ಅವನೆಂದರೆ ಪ್ರಾಣ. ಹುಡುಗನ ಮನೆಯವರಿಗೆ ಕಂಪ್ಯೂಟರ್ ಜಾತಕವೇ ಆಗಬೇಕಿತ್ತು.

ಹಾಳೆಯಲ್ಲಿ ಕುಜ ಎಂಟನೇ ಮನೆಯಲ್ಲಿ ಕೂತಿದ್ದ. ಕುಜದೋಷ! ಯೋಗಾನಂದ ಅವರು ಹತ್ತು ದಿನ ಬಿಟ್ಟು ಖುದ್ದಾಗಿ ಅಂಗಡಿಗೆ ಬಂದು, ಇನ್ನೊಂದು ಸಲ ನೋಡಪ್ಪ ಎಂದು ಕೇಳಿಕೊಂಡರಂತೆ. ಉದಯಶಂಕರ್ ಫೋನ್ ಮುಟ್ಟಲೂ ಇಲ್ಲವಂತೆ, "ಕೊಟ್ಟಿರೋದೇ ಸರಿ" ಎಂದನಂತೆ. ಅವರು ಸಂಬಂಧ ಬಿಟ್ಟರು. ದೋಷದ ಹುಡುಗಿ ಎಂಬ ಮಾತು ಕಲ್ಯದ ನೆಂಟರ ಮನೆಯವರೆಗೂ ಹೋಯಿತು. ಅಮೂಲ್ಯ ಎರಡು ದಿನ ಅನ್ನ ಮುಟ್ಟಲಿಲ್ಲ.

ಮೂರನೆಯ ದಿನ ಅಮ್ಮ ಟ್ರಂಕಿನ ತಳದಿಂದ ಒಂದು ಹಳೆಯ ಜಾತಕ ತೆಗೆದಳು. ಅಮೂಲ್ಯ ಹುಟ್ಟಿದಾಗ ಅಯ್ಯನವರೇ ಬರೆದುಕೊಟ್ಟದ್ದು. ಅದರಲ್ಲಿ ಕುಜ ಹನ್ನೊಂದನೇ ಮನೆಯಲ್ಲಿದ್ದ, ದೋಷದ ಸುಳಿವೇ ಇರಲಿಲ್ಲ. ಆಗ ಹೊಸ ಹಾಳೆಯನ್ನು ಕಣ್ಣಿಟ್ಟು ನೋಡಿದೆ. ಕೆಳಗಡೆ ಸಣ್ಣಕ್ಷರದಲ್ಲಿ ಪ್ರಿಂಟ್ ತೆಗೆದ ಹೊತ್ತು: ಬೆಳಗಿನ ಐದೂ ನಲವತ್ತು. ಒಂಬತ್ತಕ್ಕೆ ಮೊದಲು ಶಟರ್ ಎತ್ತಿದವನಲ್ಲ ಆ ಸೋಮಾರಿ. ನಾನು ಹೋಗಿದ್ದೂ ಹನ್ನೊಂದರ ಮೇಲೆ. ಪಕ್ಕದ ಮನೆಯ ಧನಲಕ್ಷ್ಮಿ, ನಾನು ತಂದ ಐದು ದಿನದ ಮೇಲೆ, ಅದೇ ಅಂಗಡಿಯಿಂದ ಮೊಮ್ಮಗನ ಜಾತಕ ತಂದಿದ್ದಳು. ಅದರಲ್ಲಿ ಹೊತ್ತು ಸರಿಯಾಗಿತ್ತು.

ಮೂರೂ ಹಾಳೆ ಹಿಡಿದು ಅಂಗಡಿಗೆ ನುಗ್ಗಿದೆ. ಅಯ್ಯನವರು ಒಳಗೆ ಕುರ್ಚಿಯ ಮೇಲಿದ್ದರು. ಹಾಳೆಯ ಕೆಳಗಿದ್ದ ಪ್ರಿಂಟ್ ಹೊತ್ತನ್ನು ಓದಿ, ಇದು ಹೇಗೆ ಎಂದು ಅವರ ಎದುರಿಗೇ ಕೇಳಿದೆ.

"ಆವತ್ತು ಆ್ಯಪಿನ ಗಡಿಯಾರ ಲಂಡನ್ ಟೈಮಲ್ಲಿತ್ತು, ಐದೂವರೆ ಗಂಟೆ ಹಿಂದೆ. ಹುಟ್ಟಿದ ಟೈಮ್ನೂ ಅದೇ ಲೆಕ್ಕಕ್ಕೆ ತಗಂಡ್ಬುಟ್ಟೈತೆ," ಎಂದ ಉದಯಶಂಕರ್. "ಆಮೇಕೆ ಸರಿ ಮಾಡ್ದೆ."

"ಯೋಗಾನಂದಣ್ಣ ಬಂದಾಗ ಗೊತ್ತಿತ್ತಾ?"

"ಗೊತ್ತಿತ್ತು. ತಪ್ಪು ಅಂತ ಒಪ್ಕಂಡ್ರೆ ನಮ್ಮ ಅಂಗಡಿಗೆ ಯಾರಮ್ಮ ಬತ್ತಾರೆ?"

ಚಪ್ಪಲಿಯಲ್ಲಿ ಹೊಡೆಯಬೇಕು ಅನ್ನಿಸಿತು. ಅಷ್ಟರಲ್ಲಿ ಅಯ್ಯನವರು ತಡಕಾಡಿ ಮಗನ ಕೈಯಿಂದ ಅದೇ ಫೋನ್ ಕಿತ್ತು ನನ್ನ ಕಡೆ ಚಾಚಿದರು. "ಸೋಲೂರಿಗೆ ಫೋನ್ ಮಾಡು ತಾಯಿ." ನಂಬರ್ ಒತ್ತಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ಯೋಗಾನಂದ, ಆ ಮಗೀನ ಜಾತ್ಕ ತಪ್ಪು ಕಣಪ್ಪ. ದೋಷ ಇಲ್ಲ. ತಪ್ಪು ನಮ್ದು."

"ತಡ ಆಯ್ತಲ್ಲ ಅಯ್ನೋರೇ. ಅಶೋಕಂಗೆ ಬ್ಯಾರೆ ಹೆಣ್ಣು ಗೊತ್ತಾಗೈತೆ. ನೆನ್ನೆ ತಾನೇ ಎಲೆ ಅಡಿಕೆ ಬದಲಾಯಿಸ್ಕಂಡೊ. ಜಾತ್ಕ ಬಾಳ ಚೆನ್ನಾಗಿ ಕೂಡ್ತು. ಆ ಹೆಣ್ಣಿಂದೂ ನಿಮ್ಮ ಅಂಗಡೀಲೇ, ಈ ಮಗೀಂದು ಬರೆಸಿದ ಮಾರನೇ ದಿನಾನೇ ಬರೆಸಿದ್ರಂತೆ."

ಅಯ್ಯನವರು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಆ ಹಾಳೆ ಕೆಳಗೆ ಪ್ರಿಂಟ್ ಟೈಮ್ ಎಷ್ಟಂತ ಐತೆ, ಒಸಿ ನೋಡಪ್ಪ."

ಕಾಗದ ತಿರುವುವ ಸದ್ದು ಕೇಳಿಸಿತು.

"ಬೆಳಗಿನ ನಾಕೂ ಮುಕ್ಕಾಲು. ಯಾಕೆ ಅಯ್ನೋರೇ?"

ಅಯ್ಯನವರು ಬಾಯಿ ತೆರೆಯುವ ಮೊದಲೇ ಉದಯಶಂಕರ್ ಕೈ ಚಾಚಿ ಫೋನ್ ಕಟ್ ಮಾಡಿದ.