ಆಸ್ಪತ್ರೆಗೆ ಮುಯ್ಯಿ ಓದಿಸುವುದಿಲ್ಲ

2023ರ ಏಪ್ರಿಲ್. ಆಗ ನಾನು ತರೀಕೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಿಲ್ಲಿಂಗ್ ವಿಭಾಗದ ಮೇಲ್ವಿಚಾರಕಿ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಬಿಲ್ಲಿಂಗ್‌ನವರೆಂದರೆ ಜನಕ್ಕೆ ಯಮನ ಕಡೆಯವರು. ಡಾಕ್ಟರಿಗೆ ಕೈಮುಗಿದು ಬಂದವರೇ ನಮ್ಮ ಕಿಟಕಿಯ ಮುಂದೆ ನಿಂತು ಶಾಪ ಹಾಕುತ್ತಾರೆ. ನನ್ನ ಬಾಯಿಯೂ ಏನು ಕಡಿಮೆಯಲ್ಲ ಬಿಡಿ.

ಶಿವನಿ ಊರಿನ ಚೈತ್ರ ಕಡೂರಿನಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದ ಹುಡುಗಿ. ಅವಳನ್ನು ಕರೆತಂದಾಗ ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆಲ್ಲ ಕೀವು ಹರಡಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡು ಎರಡು ದಿನ ಸೋಡಾ ಕುಡಿದು ಕಾಲೇಜಿಗೆ ಹೋಗಿದ್ದಳಂತೆ, ಪುಣ್ಯಾತ್ಗಿತ್ತಿ! ತಕ್ಷಣ ಆಪರೇಷನ್ ಆಯಿತು. ಆಮೇಲೆ ಸೆಪ್ಸಿಸ್, ಅಂದರೆ ಸೋಂಕು ರಕ್ತಕ್ಕೇರುವುದು. ಒಂಬತ್ತು ದಿನ ಐಸಿಯುನಲ್ಲಿದ್ದಳು. ಅವಳಿಗೆ ವಿಮೆ ಇರಲಿಲ್ಲ, ನಮ್ಮ ಆಸ್ಪತ್ರೆ ಸರ್ಕಾರಿ ಯೋಜನೆಯ ಪಟ್ಟಿಯಲ್ಲಿರಲಿಲ್ಲ. ಶಿವಮೊಗ್ಗದ ಸರ್ಕಾರಿ ಆಸ್ಪತ್ರೆಗೆ ಕಳಿಸೋಣವೆಂದರೆ ದಾರಿಯಲ್ಲೇ ಹೆಚ್ಚುಕಡಿಮೆಯಾದೀತೆಂದು ಡಾಕ್ಟರು ಒಪ್ಪಲಿಲ್ಲ. ಇನ್ನು ಕಳಿಸಬಹುದು ಎನ್ನುವಷ್ಟರಲ್ಲಿ ಬಿಲ್ಲು ಮೂರು ಲಕ್ಷದ ಹದಿನೆಂಟು ಸಾವಿರ ಮುಟ್ಟಿತ್ತು.

ಅವಳ ತಂದೆ ರುದ್ರಪ್ಪನವರು ಅರವತ್ತು ಸಾವಿರ ಕಟ್ಟಿದ್ದರು. ಬಾಕಿ ಎಷ್ಟೆಂದು ಹೇಳಿದಾಗ ಆ ಮನುಷ್ಯ ಗಾಬರಿಯೇ ಆಗಲಿಲ್ಲ.

“ಊರ್ ತುಂಬ ನಮ್ ಮುಯ್ಯಿ ಐತೆ ಮೇಡಂ. ಯಾರ ಮದ್ವೇಲೂ ಓದಿಸ್ದೆ ಎದ್ ಬಂದೋನಲ್ಲ ನಾನು. ಕೇಳಿದ್ರೆ ಕೊಡ್ತಾರೆ, ತತ್ತೀನಿ.”

ಮುಯ್ಯಿ ಎಂದರೆ ಮದುವೆಮನೆಯಲ್ಲಿ ಹೆಸರು ಕೂಗಿಸಿ ಕೊಡುವ ಹಣ. ಅದಕ್ಕೇ ಓದಿಸುವುದು ಎನ್ನುತ್ತಾರೆ. ಪಡೆದವರು, ಕೊಟ್ಟವರ ಮನೆಯ ಮದುವೆಯಲ್ಲಿ ಅದಕ್ಕೆ ಮೇಲಿಷ್ಟು ಸೇರಿಸಿ ತಿರುಗಿ ಓದಿಸಬೇಕು. ಬ್ಯಾಂಕಿಗೆ ಬಡ್ಡಿ ತಪ್ಪಿಸಿದವರೂ ನಮ್ಮ ಕಡೆ ಮುಯ್ಯಿ ತಪ್ಪಿಸುವುದಿಲ್ಲ.

ಮೂರು ದಿನ ಬೈಕಿನಲ್ಲಿ ಸುತ್ತಾಡಿದ ರುದ್ರಪ್ಪನವರು ಹನ್ನೊಂದು ಸಾವಿರ ತಂದರು.

“ಆಸ್ಪತ್ರೆಗೆ ಯಾರಾದ್ರೂ ಮುಯ್ಯಿ ಓದಿಸ್ತಾರೇನಯ್ಯಾ, ಅಪಶಕುನ, ಅಂದ್ರು ಮೇಡಂ. ಮಗಳ ಮದ್ವೆ ಇಟ್ಕೊ, ಎರಡರಷ್ಟು ಓದಿಸ್ತೀವಿ ಅಂತಾರೆ.”

“ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ,” ಎಂದು ನಾನು ಸಿಡುಕಿದೆ.

“ಹಂಗನ್ಬೇಡಿ. ಅವ್ರು ಮೋಸದ ಜನ ಅಲ್ಲ ಕಣ್ರೀ,” ಎಂದರು. ಅದು ನಿಜವೂ ಆಗಿತ್ತು.

ಡಾಕ್ಟರು ತಮ್ಮ ಫೀಸು ನಲವತ್ತು ಸಾವಿರ ಬಿಟ್ಟರು. ನಾನು ಬೆನ್ನು ಹತ್ತಿ, ಉಳಿದ ಒಟ್ಟು ಬಿಲ್ಲಿನ ಮೇಲೆ ಶೇಕಡಾ ಹತ್ತು ರಿಯಾಯಿತಿ ಕೊಡಿಸಿದೆ. ಇಷ್ಟಾದರೂ, ಕಟ್ಟಿದ್ದನ್ನು ಕಳೆದು ಒಂದು ಲಕ್ಷದ ಎಪ್ಪತ್ತೊಂಬತ್ತು ಸಾವಿರ ಉಳಿಯಿತು. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕೋಣವೆಂದು ವಿಚಾರಿಸಿದರೆ, ಚುನಾವಣೆ ಮುಗಿಯುವವರೆಗೆ ಏನೂ ಹೇಳಲಾಗದು ಎಂದೇ ಕೇಳಿದವರೆಲ್ಲ ಅಂದರು. ಅಷ್ಟರಲ್ಲಿ ಚೈತ್ರಳೇ ನನ್ನನ್ನು ವಾರ್ಡಿಗೆ ಕರೆಸಿದಳು.

“ಕಂತಲ್ಲಿ ಕಟ್ಬೋದಾ ಮೇಡಂ? ಪರೀಕ್ಷೆ ಮುಗಿದ್ ತಕ್ಷಣ ಟ್ಯೂಷನ್ ಹೇಳ್ಕೊಡ್ತೀನಿ. ತಿಂಗಳಿಗೆ ಮೂರು ಸಾವಿರ ಕಟ್ತೀನಿ. ಬಿ.ಎಡ್. ಆಮೇಲೆ ನೋಡ್ಕೊಂಡ್ರಾಯ್ತು.”

ಆಡಳಿತದವರ ಮುಂದೆ ಅದನ್ನೇ ಇಟ್ಟೆ. ಸಂಬಳದ ನೌಕರರು ಯಾರಾದರೂ ಜಾಮೀನು ನಿಲ್ಲಬೇಕು, ಆದರೆ ಆಸ್ಪತ್ರೆಯ ಸಿಬ್ಬಂದಿ ನಿಲ್ಲುವಂತಿಲ್ಲ ಎಂದರು. ರೈತರ ಮನೆಯವರು ಸಂಬಳದವರನ್ನು ಎಲ್ಲಿಂದ ತರಬೇಕು? ಕೂಗಾಡಿದೆ. ಗೋಡೆಗೆ ಹೇಳಿದ ಹಾಗಾಯಿತು.

ಮಾರನೆಯ ದಿನ ಚೈತ್ರಳ ಸೋದರಮಾವ ಮಲ್ಲೇಶಪ್ಪ ಬಂದರು. ಅಜ್ಜಂಪುರದಲ್ಲಿ ಗೊಬ್ಬರದಂಗಡಿ ಇಟ್ಟವರು. ನನ್ನ ಕಿಟಕಿಯ ಮುಂದೆಯೇ ಭಾವನ ಹೆಗಲ ಮೇಲೆ ಕೈಯಿಟ್ಟರು.

“ಬಿಲ್ಲು ಈಗ್ಲೇ ನಾನ್ ಕಟ್ತೀನಿ ಭಾವ. ಮಗೂನ ನಮ್ ಹುಡುಗಂಗೆ ತಂದ್ಕೊಂತೀವಿ. ಮದ್ವೆ ಖರ್ಚೂ ನಂದೇ. ಬಂದ ಮುಯ್ಯಿ ನಂಗ್ ಕೊಟ್ಬಿಡು, ಲೆಕ್ಕ ಸರಿಹೋಯ್ತು. ಆಷಾಢ ಬರೋದ್ರೊಳ್ಗೆ ಮುಗಿಸ್ಬೇಕು ಅಷ್ಟೇ.”

ರುದ್ರಪ್ಪನವರು ಸಂತೋಷಕ್ಕೆ ಅತ್ತುಬಿಟ್ಟರು. ಮಲ್ಲೇಶಪ್ಪನವರಿಗೆ ಸೊಸೆಯ ಮೇಲೆ ನಿಜವಾದ ಪ್ರೀತಿಯಿತ್ತು. ಹುಡುಗನೂ ಒಳ್ಳೆಯವನೇ. ಅಲ್ಲೊಬ್ಬ ಕೆಟ್ಟವನಿದ್ದಿದ್ದರೆ ಅವನನ್ನಾದರೂ ಬೈದು ಹಗುರಾಗುತ್ತಿದ್ದೆ.

ಮನಸ್ಸು ತಡೆಯದೆ ವಾರ್ಡಿಗೆ ಹೋಗಿ, “ನಿಂಗೆ ಇಷ್ಟ ಇದೆಯೇನೇ?” ಎಂದು ಕೇಳಿದೆ.

“ಬೇಡ ಅಂದ್ರೆ, ಬಿಲ್ಲು ಕಟ್ಟೋ ತನಕ ಮನೆಗೆ ಬಿಡಲ್ಲ, ಈ ಹಾಸಿಗೆ ಬಾಡಿಗೆ ಏರ್ತಾ ಹೋಗುತ್ತಲ್ಲ ಮೇಡಂ. ದಿನಕ್ಕೆ ಎರಡೂವರೆ ಸಾವಿರ ಅಂತ ನೀವೇ ಹೇಳಿದ್ರಿ.”

ಆ ಮಧ್ಯಾಹ್ನವೇ ಮಲ್ಲೇಶಪ್ಪ ಹಣ ಕಟ್ಟಿದರು, ನಾನು ರಸೀದಿಗೆ ಮುದ್ರೆ ಒತ್ತಿದೆ.

ಜೂನ್‌ನಲ್ಲಿ ಅಜ್ಜಂಪುರದ ಛತ್ರದಲ್ಲಿ ಮದುವೆ. ರುದ್ರಪ್ಪನವರು ಬಂದು ಕರೆದಿದ್ದರು, ಹೋಗದಿರಲು ಮನಸ್ಸಾಗಲಿಲ್ಲ. ಮುಯ್ಯಿ ಬರೆಯುವ ಮೇಜಿನ ಸುತ್ತ ಕಾಲಿಡಲು ಜಾಗವಿರಲಿಲ್ಲ. ಏಪ್ರಿಲ್‌ನಲ್ಲಿ ಬರಿಗೈಯಲ್ಲಿ ಕಳಿಸಿದವರೆಲ್ಲ ಆಡಿದ ಮಾತಿನಂತೆ ಎರಡರಷ್ಟು ಓದಿಸುತ್ತಿದ್ದರು. ಮೈಕಿನಲ್ಲಿ ಹೆಸರು, ಮೊತ್ತ ಕೇಳಿಬಂದಂತೆ ರುದ್ರಪ್ಪನವರ ಮುಖ ಅರಳುತ್ತಿತ್ತು. ಅದೇ ಹೊತ್ತಿಗೆ ಕಡೂರಿನಲ್ಲಿ ಚೈತ್ರಳ ತರಗತಿಯವರು ಕೊನೆಯ ಪರೀಕ್ಷೆಗೆ ಕೂತಿದ್ದರು. ಅಕ್ಷತೆ ಹಾಕಲು ನಾನು ಹತ್ತಿರ ಹೋದಾಗ ಅವಳು ಬಾಗಿ ಪಿಸುಗುಟ್ಟಿದಳು.

“ಎಷ್ಟಾಯ್ತಂತೆ ಮೇಡಂ? ತೀರುತ್ತಾ?”

“ತೀರುತ್ತೆ ಕಣವ್ವ,” ಎಂದೆ.

ಕಾಯಿಲೆ ಬಿದ್ದ ಮೇಲೆ ವಿದ್ಯಾರ್ಥಿಗೆ ಕೊಡಲು ಬಿಲ್ಲಿಂಗ್‌ನವರ ಹತ್ತಿರ ಏನೂ ಇರುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅದಕ್ಕೇ ಈಗ ಬಸ್ಸಿನಲ್ಲಿ ಕಾಲೇಜು ಹುಡುಗಿಯರು ಪಕ್ಕದಲ್ಲಿ ಕೂತರೆ, ವಿಮೆ ಮಾಡಿಸಿಕೊಳ್ಳಿ, ಆರೋಗ್ಯ ಕಾರ್ಡು ಮಾಡಿಸಿಕೊಳ್ಳಿ, ಯಾವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಂದು ಮೊದಲೇ ತಿಳಿದಿಟ್ಟುಕೊಳ್ಳಿ ಎಂದು ಹೇಳುತ್ತೇನೆ. “ನಮಗೇನಾಗುತ್ತೆ ಆಂಟಿ?” ಎಂದು ನಗುತ್ತಾರೆ.