ಚಂಗಪ್ಪ ಅಂಕಲ್ ಮತ್ತು ಎರಡು ಅರ್ಧ ಟ್ರೇಗಳು

ಗ್ಯಾರೇಜಿಗೆ ಕಾಲಿಡುವ ಮೊದಲು ಚಂಗಪ್ಪ ಅಂಕಲ್ ಕೈ ತೊಳೆಯುವುದನ್ನು ನೋಡಬೇಕಿತ್ತು. ಮೊಣಕೈವರೆಗೂ ಸೋಪು ಹಚ್ಚಿ, ಉಗುರಿನ ಸಂದಿ ಉಜ್ಜಿ, ಒಣಗಿದ ಟವೆಲಿನಲ್ಲಿ ಒರೆಸಿಕೊಂಡು, ಎರಡೂ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಿ, ತೋರಿಸು" ಅನ್ನುವರು. ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯೂ ಆಗಿದ್ದ ನಾನು ಒಂದನೇ ಕ್ಲಾಸಿನ ಮಗುವಿನ ಹಾಗೆ ಕೈ ಚಾಚಿ ನಿಲ್ಲುತ್ತಿದ್ದೆ. ಮೊದಲ ದಿನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗಿದ್ದಕ್ಕೆ ಬಾಗಿಲಲ್ಲೇ ತಡೆದರು. "ಎಣ್ಣೆ ತಾಗಿದ್ರೆ ತೋಟಾದ ಪ್ರೈಮರು ಸತ್ತ ಹಾಗೇ ಲೆಕ್ಕ. ಹೋಗು, ಆಂಟಿ ಹತ್ರ ಒಂದು ವಸ್ತ್ರ ಇಸ್ಕೊಂಡು ತಲೆಗೆ ಕಟ್ಕೊಂಡು ಬಾ."

ಎಂಬತ್ತರ ದಶಕದ ಮಾತು ಇದು. ನಾವಿದ್ದದ್ದು ಅಮೆರಿಕದ ಕ್ಯಾಂಪ್‌ಬೆಲ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ನನ್ನ ಗಂಡ ಬೆಳಿಗ್ಗೆ ಏಳಕ್ಕೆ ಕ್ಯುಪರ್ಟಿನೋದ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ಹಿಂದಿನ ಬೀದಿಯಲ್ಲಿ ಕೊಡಗಿನವರಾದ ಚಂಗಪ್ಪ ಅಂಕಲ್, ಪೊನ್ನಮ್ಮ ಆಂಟಿ ಇದ್ದರು. ಆಂಟಿಯ ಪಾತ್ರೆ ವಾಪಸು ಕೊಡಲು ಹೋದವಳು ಗ್ಯಾರೇಜಿನಲ್ಲಿ ಅಂಕಲ್ ಮಾಡುತ್ತಿದ್ದ ಕೆಲಸ ನೋಡಿ, "ಏನಂಕಲ್ ಅದು?" ಅಂದೆ. ಅವರು ತಮ್ಮ ರೈಫಲ್ಲಿಗೆ ತಾವೇ ತೋಟಾ ತುಂಬುತ್ತಿದ್ದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಕನ್ನಡದವಳು ನಾನೇ ಅಂತೆ. ಉಳಿದವರೆಲ್ಲ ಬೆನ್ನ ಹಿಂದೆ 'ಕೋವಿ ಚಂಗಪ್ಪ' ಅಂದು ನಕ್ಕು, ಯುಗಾದಿ ಊಟದಲ್ಲಿ ಅವರಿಂದ ಎರಡು ಕುರ್ಚಿ ದೂರ ಕೂರುತ್ತಿದ್ದ ಸಭ್ಯಸ್ಥರು. ನನ್ನ ಗಂಡನೂ ಅವರಲ್ಲೊಬ್ಬ. "ಬೇಳೆ ಸಾರು ತಿನ್ನೋ ಮನೆಯವಳು ತೋಟಾ ತುಂಬೋಕೆ ಹೋಗ್ತೀಯಾ? ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ?" ಅಂದಿದ್ದ. ಏನೂ ಹೇಳಬೇಡ ಅಂದೆ.

ಅಂಕಲ್ ನಮ್ಮ ಸೈನ್ಯದ ವರ್ಕ್‌ಶಾಪಿನಲ್ಲಿದ್ದು, ಆಮೇಲೆ ಇಲ್ಲಿಗೆ ಬಂದು, ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರಾಗಿದ್ದರು. ಅವರು ಅಳತೆ ನೋಡಿ ಸಹಿ ಹಾಕಿದರೆ ಮಾಲು ಹೊರಗೆ, ಇಲ್ಲದಿದ್ದರೆ ಗುಜರಿಗೆ. ಆ ಸಹಿಯ ಗತ್ತು ಗ್ಯಾರೇಜಿನಲ್ಲೂ ಇತ್ತು. ಬೇರೆಯವರು ತೋಟಾ ತುಂಬುವುದೆಂದರೆ ಮದ್ದಿನ ಬಗ್ಗೆ, ಗುಂಡಿನ ಬಗ್ಗೆ ಮಾತಾಡುತ್ತಾರೆ. ಅಂಕಲ್ ಮಾತೆಲ್ಲ ಪ್ರೈಮರಿನದ್ದು. ತೋಟಾದ ತಳದಲ್ಲಿ ಕೂರುವ, ಮೆಂತ್ಯದ ಕಾಳಿಗಿಂತ ಸ್ವಲ್ಪ ದೊಡ್ಡದಾದ ಲೋಹದ ಬಟ್ಟಲು ಅದು. ಕೋವಿಯ ಪಿನ್ನು ಬಂದು ಹೊಡೆದಾಗ ಮೊದಲು ಕಿಡಿ ಹಾರುವುದು ಅದರೊಳಗೆ. ಸಣ್ಣ ರೈಫಲ್ಲಿನ ಪ್ರೈಮರೂ ಸಣ್ಣ ಪಿಸ್ತೂಲಿನ ಪ್ರೈಮರೂ ಗಾತ್ರದಲ್ಲಿ ಒಂದೇ. ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಆದರೆ ಪಿಸ್ತೂಲಿನದರ ತಗಡು ತೆಳು, ರೈಫಲ್ಲಿನ ಒತ್ತಡಕ್ಕೆ ತೂತು ಬಿದ್ದರೆ ಬಿಸಿ ಅನಿಲವೆಲ್ಲ ಹಿಂದಕ್ಕೆ, ಹೊಡೆಯುವವನ ಮುಖಕ್ಕೇ ನುಗ್ಗುತ್ತದೆ.

"ಕೂರೋದು ಬೇರೆ, ಒಗ್ಗೋದು ಬೇರೆ. ನೆನಪಿಟ್ಕೋ ಕುಂಞಿ," ಅನ್ನುವರು. ಕುಂಞಿ ಅಂದರೆ ಅವರ ಮಾತಿನಲ್ಲಿ ಮಗು. ಮಕ್ಕಳಿರದ ಅವರು ನನ್ನನ್ನು ಹಾಗೆ ಕರೆದಾಗ ಆಂಟಿ ಒಂದು ಕ್ಷಣ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಅವರ ಕಟ್ಟಳೆ ಒಂದೇ. ಮೇಜಿನ ಮೇಲೆ ಯಾವತ್ತೂ ಪ್ರೈಮರಿನ ಒಂದೇ ಟ್ರೇ. ರೈಫಲ್ಲಿನದು ಮೇಲಿನ ಹಲಗೆಯಲ್ಲಿ. ಶೂಟಿಂಗ್ ಕ್ಲಬ್ಬಿನ ಗೆಳೆಯನ ಪಿಸ್ತೂಲಿಗೆಂದು ಇಟ್ಟದ್ದು ಕೆಳಗಿನ ಹಲಗೆಯಲ್ಲಿ. ಮಿಕ್ಕಿದ ಪ್ರೈಮರು ಅದು ಬಂದ ಟ್ರೇಗೇ ಹೋಗಬೇಕು. ಪ್ರೈಮರನ್ನು ಕೂರಿಸುವ ಕೆಲಸವನ್ನು ಆರು ತಿಂಗಳಾದ ಮೇಲೆ ನನಗೆ ಕೊಟ್ಟರು. ನಾನು ಕೂರಿಸಿದ್ದನ್ನು ಬೆರಳ ತುದಿಯಲ್ಲಿ ಸವರಿ, "ನಿನ್ನ ಕೈ ಒಳ್ಳೇದು ಕುಂಞಿ" ಅಂದರು. ಆ ಊರಿನಲ್ಲಿ ನನ್ನ ಕೈಗೆ, ತಲೆಗೆ ಏನಾದರೂ ಬರುತ್ತದೆ ಅಂತ ಹೇಳಿದವರು ಅವರೊಬ್ಬರೇ.

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬಂದರೆ ಅವರಿಗೆ ಮದುವೆ ಮನೆಯ ಸಂಭ್ರಮ. ಕೋವಿಗೆ ಪೂಜೆ ಮಾಡಬೇಕು, ಅದರ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಗಿಸಬೇಕು. ಕ್ಯಾಂಪ್‌ಬೆಲ್ಲಿನಲ್ಲಿ ಆ ಹೂವೆಲ್ಲಿ ಸಿಗಬೇಕು! ಹಿತ್ತಲಿನ ಕಿತ್ತಳೆ ಬಣ್ಣದ ಲಿಲ್ಲಿಯೊಂದನ್ನು ಸಿಗಿಸಿ, "ಬಣ್ಣ ಕೂಡಿ ಬಂತು, ಸಾಕು" ಅಂದರು. ಮರುದಿನ ತೆಂಗಿನಕಾಯಿ ಹಿಡಿದು ಬೆಟ್ಟದ ಮೇಲಿನ ಗುರಿ ಹೊಡೆಯುವ ರೇಂಜಿಗೆ ಹೋಗಿ, ಗುರಿ ಹಲಗೆಯ ಜಾಗದಲ್ಲಿ ಅದನ್ನಿಟ್ಟು ಒಂದೇ ಗುಂಡಿಗೆ ಒಡೆದರಂತೆ. ಅಮೆರಿಕನ್ನರು ಚಪ್ಪಾಳೆ ತಟ್ಟಿದರಂತೆ. ಒಡೆದ ಹೋಳುಗಳನ್ನು ತಂದು ನನಗೂ ಕೊಟ್ಟರು. ನಾನು ಚಟ್ನಿ ಮಾಡಿದೆ. ಗಂಡ ಅದನ್ನು ಮುಟ್ಟಲಿಲ್ಲ.

ಒಂದು ಶನಿವಾರ ಆಂಟಿಗೆ ಜ್ವರ ಜೋರಾಯಿತು. ಅಂಕಲ್ ಅರ್ಧಕ್ಕೇ ಎದ್ದು, "ನೀನೇ ಎತ್ತಿಟ್ಟು, ಬಾಗಿಲು ಎಳ್ಕೊಂಡು ಹೋಗು" ಅಂತ ಹೇಳಿ, ಆಂಟಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮೊದಲ ಸಲ ಗ್ಯಾರೇಜು ಪೂರ್ತಿ ನನ್ನ ಕೈಗೆ ಬಂದಿತ್ತು. ಎತ್ತಿಟ್ಟೆ. ಅಷ್ಟಕ್ಕೇ ಬಿಡಬೇಕಿತ್ತು. ಬಂದಾಗ ನೋಡಿ ಮೆಚ್ಚಲಿ ಅಂತ ಹಲಗೆಗಳನ್ನೆಲ್ಲ ಒರೆಸಿದೆ. ಮೇಲಿನ ಹಲಗೆಯಲ್ಲೊಂದು ಅರ್ಧ ಖಾಲಿಯಾದ ಟ್ರೇ, ಕೆಳಗಿನದರಲ್ಲಿ ಇನ್ನೊಂದು. ನಮ್ಮ ಅತ್ತೆಯ ಅಡುಗೆಮನೆಯಲ್ಲಿ ಎರಡು ಅರ್ಧ ಡಬ್ಬಿ ಕಂಡರೆ ಒಂದಕ್ಕೆ ಸುರಿದು ಇನ್ನೊಂದನ್ನು ತೊಳೆದು ಬೋರಲು ಹಾಕಬೇಕು, ಇಲ್ಲದಿದ್ದರೆ ಮನೆ ನಡೆಸಲು ಬಾರದವಳು ಅನ್ನಿಸಿಕೊಳ್ಳಬೇಕು. ಅಂಕಲ್ ಹೇಳಿಕೊಟ್ಟದ್ದೆಲ್ಲ ಕಿವಿಯಲ್ಲಿತ್ತು, ಕೈಯಲ್ಲಿ ಮಾತ್ರ ಅತ್ತೆಯ ಅಡುಗೆಮನೆ. ಅದೇ ಹೊಳಪು, ಅದೇ ಗಾತ್ರ. ಎರಡರ ಚೀಟಿಯಲ್ಲೂ 'ಸ್ಮಾಲ್' ಅಂತ ಇದ್ದದ್ದಷ್ಟನ್ನೇ ಓದಿ, ಕೆಳಗಿನ ಟ್ರೇಯದನ್ನು ಒಂದೊಂದಾಗಿ ಮೇಲಿನದಕ್ಕೆ ತುಂಬಿಸಿ, ಖಾಲಿ ಟ್ರೇಯನ್ನು ಕಸಕ್ಕೆ ಹಾಕಿದೆ. ಅದನ್ನು ಹೇಳುವಷ್ಟು ದೊಡ್ಡ ಕೆಲಸವೆಂದೂ ನನಗೆ ಅನ್ನಿಸಲಿಲ್ಲ.

ಮುಂದಿನ ವಾರ ಕ್ಲಬ್ಬಿನ ಪಂದ್ಯ. ಆಂಟಿಯ ಜ್ವರದ ಗಡಿಬಿಡಿಯಲ್ಲಿ ಟ್ರೇ ತುಂಬಿದ್ದನ್ನು ಗಮನಿಸದೆ ಅಂಕಲ್ ಅದರಿಂದಲೇ ತೋಟಾ ತುಂಬಿಕೊಂಡು ಹೋದರು. ಮೂರನೇ ಗುಂಡಿಗೆ ಪ್ರೈಮರು ತೂತಾಯಿತು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ರೆಪ್ಪೆಯ ಕೂದಲು ಸುಟ್ಟು, ಕೆನ್ನೆಗೆ ಚೂರು ಹೊಕ್ಕಿತ್ತು.

ಸುದ್ದಿ ತಿಳಿದು ಓಡಿದೆ. ಅಂಕಲ್ ಕೆನ್ನೆಗೆ ಪಟ್ಟಿ ಹಾಕಿಕೊಂಡು ಗ್ಯಾರೇಜಿನಲ್ಲಿ ಕೂತಿದ್ದರು. ಎದುರಿಗೆ ಆ ಟ್ರೇ, ಮೈಕ್ರೋಮೀಟರು. ಉಳಿದ ಪ್ರೈಮರುಗಳ ತಗಡನ್ನು ಒಂದೊಂದಾಗಿ ಅಳೆದು ಎರಡು ಸಾಲು ಮಾಡಿದ್ದರು. "ಎರಡು ಜಾತಿ ಒಂದೇ ಟ್ರೇಯಲ್ಲಿವೆ," ಅಂದರು. ಆಗಲೇ ನನಗೆ ಎಲ್ಲ ಹೊಳೆಯಿತು.

"ಎತ್ತಿಡೋವಾಗ ನೀನೇನಾದ್ರೂ ಬೆರೆಸಿದ್ಯಾ ಕುಂಞಿ?"

"ಇಲ್ಲ ಅಂಕಲ್."

ಇನ್ನೊಂದು ಸಲ ಕೇಳಲಿಲ್ಲ. ತಲೆಯಾಡಿಸಿ, "ಹಾಗಾದ್ರೆ ನಾನೇ," ಅಂದರು. ಹೇಳಿಬಿಟ್ಟರೆ ಆ ಗ್ಯಾರೇಜಿನ ಬಾಗಿಲು ನನಗೆ ಮುಚ್ಚಿ ಹೋಗುತ್ತದೆ ಅನ್ನುವ ಭಯ ನನಗೆ. ಸಬೂಬು ಅನ್ನಿ, ಸಬೂಬೇ ಅದು.

ಬಾಗಿಲು ಹೇಗೂ ಮುಚ್ಚಿತು. ಅಂಕಲ್ ತಂದೆಗೆ ಕೊನೆಗಾಲದಲ್ಲಿ ಮರೆವು ಹಿಡಿದು, ಮನೆಯವರ ಗುರುತೂ ಸಿಗದೆ ಹೋಗಿತ್ತಂತೆ. ಅದು ತಮಗೂ ಶುರುವಾಯಿತು ಅಂತ ಅಂಕಲ್ ತೀರ್ಮಾನಿಸಿಬಿಟ್ಟರು. ತಿಂಗಳೊಳಗೆ ರೈಫಲ್ಲು ಮಾರಿದರು. ಕಾರ್ಖಾನೆಯಲ್ಲಿ ಒಂದೇ ಭಾಗವನ್ನು ನಾಲ್ಕು ನಾಲ್ಕು ಸಲ ಅಳೆಯುತ್ತ, ಸಹಿ ಹಾಕಲು ಕೈ ಬಾರದೆ, ಅವಧಿಗೆ ಮೊದಲೇ ಕೆಲಸ ಬಿಟ್ಟರು. ಮುಂದಿನ ಕೈಲ್ ಮುಹೂರ್ತಕ್ಕೆ ಕೋವಿ ನೇತು ಹಾಕುತ್ತಿದ್ದ ಖಾಲಿ ಮೊಳೆಗೆ ಲಿಲ್ಲಿ ಹೂ ಸಿಗಿಸಿದ್ದರು. ನಾನು ನೋಡಿಕೊಂಡು ಬಂದೆ.

ಮೂರು ವರ್ಷ ಬಿಟ್ಟು ನನ್ನ ಗಂಡನಿಗೆ ಟೆಕ್ಸಸ್ಸಿನಲ್ಲಿ ಕೆಲಸವಾಯಿತು. ಹೊರಡುವ ಮುಂಚೆ ಹೇಳಿ ಬರಲು ಹೋದೆ. ಮನೆ ತುಂಬ ಚೀಟಿ. ಉಪ್ಪಿನ ಡಬ್ಬಿಗೆ ಉಪ್ಪು, ಸಕ್ಕರೆಗೆ ಸಕ್ಕರೆ, ಒಲೆಯ ಪಕ್ಕ 'ಆರಿಸಿದೆಯಾ?' ಅಂತ ಅಂಕಲ್ ಅಕ್ಷರದಲ್ಲಿ ಒಂದು. ಕಾರು ಓಡಿಸುವುದನ್ನೂ ಬಿಟ್ಟಿದ್ದರು. "ಡಾಕ್ಟರು ಏನೂ ಇಲ್ಲ ಅಂತಾರೆ. ಅವರಿಗೇನು ಗೊತ್ತು," ಅಂದರು. ಆಂಟಿ ಕಾಫಿ ತಂದುಕೊಟ್ಟು ಅವರ ಕುರ್ಚಿಯ ಹಿಂದೆ ನಿಂತರು.

ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಹಲಗೆ ಒರೆಸಿದ್ದು, ಎರಡು ಟ್ರೇ ಒಂದು ಮಾಡಿದ್ದು, ಖಾಲಿಯದನ್ನು ಕಸಕ್ಕೆ ಹಾಕಿದ್ದು, ಕೇಳಿದಾಗ ಸುಳ್ಳು ಹೇಳಿದ್ದು. "ನೀವು ಏನೂ ಮರೆತಿಲ್ಲ ಅಂಕಲ್. ಮಾಡಿದ್ದು ನಾನು," ಅಂದೆ.

ಅಂಕಲ್ ನನ್ನ ಮುಖವನ್ನೇ ನೋಡಿ, ಮೆಲ್ಲಗೆ ನಕ್ಕರು. "ಹೋಗೋ ಹೊತ್ತಲ್ಲಿ ಮುದುಕನಿಗೆ ಸಮಾಧಾನ ಹೇಳ್ತಾ ಇದ್ದೀಯ. ಅವತ್ತೇ ಕೇಳಿದ್ನಲ್ಲ ನಿನ್ನ. ನೀನು ಸುಳ್ಳು ಹೇಳೋಳಲ್ಲ ಕುಂಞಿ." ಅಷ್ಟು ಹೇಳಿ, ಒಲೆ ಆರಿಸಿದೆಯಾ ಅಂತ ನೋಡಲು ಎದ್ದು ಒಳಗೆ ಹೋದರು.

ಅವರು ನಂಬಲಿಲ್ಲ. ಪೊನ್ನಮ್ಮ ಆಂಟಿ ನಂಬಿದರು. ಕುರ್ಚಿಯ ಹಿಂದಿನಿಂದ ಬಂದು, ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಂಡರು. ಅದರಲ್ಲಿ ಇನ್ನೂ ಅರ್ಧ ಕಾಫಿ ಇತ್ತು.