ಎರಡು ಸಲ ಹಾಡಿದ ಸಾಲು

ಲಷ್ಕರ್ ಮೊಹಲ್ಲಾದ ನಮ್ಮ ಚರ್ಚಿನಲ್ಲಿ ಹಾಡು ಕಲಿಸುತ್ತಿದ್ದ ಮೇಷ್ಟ್ರು, ಯಾರಾದರೂ ಆತುರಪಟ್ಟರೆ ಅಂಗೈ ತಗ್ಗಿಸಿ, "ಉಸಿರು ತಗೊಳ್ರಮ್ಮ, ಹಾಡೇನು ಓಡೋಗಲ್ಲ" ಅನ್ನುತ್ತಿದ್ದರು. ಕೊನೆಕೊನೆಗೆ ಅವರಿಗೆ ಕಿವಿ ಮಂದವಾಯಿತು. ಪಿಯಾನೊ ಮೇಲೆ ಬೆರಳೂರಿ, ಅದರ ಕಂಪನದಿಂದಲೇ ಸ್ವರ ಹಿಡಿಯುತ್ತಿದ್ದರು.

ಆ ವರ್ಷದ ಕ್ರಿಸ್‌ಮಸ್ ಸಂಗೀತೋತ್ಸವದ ಕಡೆಯ ಸಂಜೆ ನಮ್ಮ ಹಾಡು ಮುಗಿದಿತ್ತು. ಮೇಷ್ಟ್ರ ಕೈಗಳು ಮಾತ್ರ ಇನ್ನೂ ತಾಳ ತೋರುತ್ತಲೇ ಇದ್ದವು. ತುಂಬಿದ ಚರ್ಚು ನೋಡುತ್ತಿತ್ತು. ನಾನು ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡೆ, ಎಲ್ಲರೂ ದನಿಗೂಡಿಸಿದರು. ಅವರ ಕೈ ಇಳಿಯುವವರೆಗೂ ಹಾಡಿದೆವು.

ಜನ ಹೋದ ಮೇಲೆ ಮೇಷ್ಟ್ರು ನನ್ನನ್ನು ಕರೆದರು. "ನೀವೆಲ್ಲ ಬಾಯಿ ಮುಚ್ಚಿದ್ದು ಕಾಣ್ತು ಕಣಮ್ಮ. ಅಷ್ಟು ಜನರ ಮುಂದೆ ಕೈ ನಿಲ್ಸೋಕೆ ನಾಚಿಕೆ ಆಗ್ಬುಡ್ತು," ಎಂದು ಹಾಡಿನ ಪುಸ್ತಕವನ್ನು ನನ್ನ ಕೈಗಿಟ್ಟರು. "ಮುಂದಿನ ವಾರದಿಂದ ನೀನೇ ಹಾಡ್ಸು."